ಗೂಡು ಖಾಲಿ. ಮರಿಗಳು ಸತ್ತವೋ, ಹೋದವೋ?

ಬಾರೆಹೊಲ (ನಾಗಮಂಗಲ ಕಡೆ) | ಮೇ 14, ಬೆಳಿಗ್ಗೆ 8:20

ಈ ಹಕ್ಕಿ ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಹಕ್ಕಿ ನೋಡುವವನಲ್ಲ, ಹೊಲದವನು. ಒಂದು ವಿಷಯ ಬೆಳಿಗ್ಗೆಯಿಂದ ತಲೆ ಕೊರೆಯುತ್ತಿದೆ. ಗೊತ್ತಿರುವವರು ಹೇಳಿ.

ನಮ್ಮದು ಒಂದೂಕಾಲು ಎಕರೆ ಬಾರೆ. ನಾಲೆ ನೀರಿಲ್ಲ, ಮಳೆ ಬಂದರೆ ಬೆಳೆ. ಹೋದ ವರ್ಷದ ರಾಗಿ ಕೂಳೆ ಹಾಗೇ ನಿಂತಿತ್ತು. ಭರಣಿ ಮಳೆ ಒಂದು ಹದ ಆಯಿತು. ಎಳ್ಳಿಗೆ ಹೊಲ ಹಸನು ಮಾಡಿಸೋಣ ಅಂತ ಟ್ರ್ಯಾಕ್ಟರ್‌ಗೆ ಹೇಳಿದೆ. ಹಿಂದಿನ ಸಂಜೆ ಕಲ್ಲು ಆಯುತ್ತಾ ಹೋಗುವಾಗ ಕಾಲ ಬುಡದಿಂದಲೇ ಒಂದು ಹಕ್ಕಿ ಎದ್ದಿತು. ಬಗ್ಗಿ ನೋಡಿದರೆ ಹಸುವಿನ ಗೊರಸು ಊರಿದ ಗುಂಡಿ. ಒಳಗೆ ಒಣ ಹುಲ್ಲಿನ ಎಳೆ, ಎಲ್ಲಿಂದಲೋ ತಂದ ಒಂದು ಚೂರು ದಾರ, ಎರಡು ಮರಿ. ಮೈಮೇಲೆ ಒಣ ಹುಲ್ಲಿನ ಬಣ್ಣದ ನವಿರು ಕೂದಲು. ನೆರಳು ಬಿದ್ದ ಕೂಡಲೇ ಬಾಯಿ ತೆರೆದವು. ಒಳಗೆಲ್ಲ ಹಳದಿ, ನಾಲಿಗೆ ಮೇಲೆ ಕರಿ ಚುಕ್ಕೆ.

ಗುರುತಿಗೆ ಅಂತ ಸುತ್ತ ಮೂರು ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಟ್ರ್ಯಾಕ್ಟರ್ ಹುಡುಗ ಗೊಣಗುತ್ತಲೇ ಅಷ್ಟು ಜಾಗ ಬಿಟ್ಟು ಉತ್ತ. ಅಪ್ಪ ಮಾತಾಡಲಿಲ್ಲ, ಸುಮ್ನೆ ನಕ್ಕರು. ಎರಡು ದಿನ ತಾಯಿ ತಂದೆ ಹುಳ ತರುತ್ತಿದ್ದುದನ್ನು ನೋಡಿದೆ. ಗಂಡಿಗೆ ನೆತ್ತಿ ಬೂದಿ, ಹೊಟ್ಟೆ ಮಸಿಯಂತೆ ಕಪ್ಪು. ಇವತ್ತು ಬೆಳಿಗ್ಗೆ ಹೋದರೆ ಗೂಡು ಖಾಲಿ. ಒಂದು ಕಡ್ಡಿ ಮೇಲೆ ಕಾಗೆ ಕೂತಿತ್ತು. ರಕ್ತ ಇಲ್ಲ, ಪುಕ್ಕ ಇಲ್ಲ, ಏನೂ ಇಲ್ಲ. ನಾನೇ ನೆಟ್ಟ ಕಡ್ಡಿ ಕಾಗೆಗೆ ದಾರಿ ತೋರಿಸಿತಾ?

ಕೆರೆಏರಿ (ಮೈಸೂರು) | ಮೇ 14, ಬೆಳಿಗ್ಗೆ 9:05

ನೀವು ಹೇಳಿದ್ದು ಬೂದು ನೆತ್ತಿಯ ನೆಲಗುಬ್ಬಿ. ನಾಲಿಗೆಯ ಚುಕ್ಕೆ, ಗೊರಸಿನ ಗುಂಡಿ, ಗಂಡಿನ ಕಪ್ಪು ಹೊಟ್ಟೆ, ಎಲ್ಲ ಸರಿಹೋಗುತ್ತದೆ. ಗಂಡು ನೇರ ಮೇಲಕ್ಕೆ ಏರಿ, ರೆಕ್ಕೆ ಮಡಚಿ ಸಿಳ್ಳೆ ಹಾಕುತ್ತಾ ಕಲ್ಲು ಬಿದ್ದ ಹಾಗೆ ಕೆಳಗೆ ಬೀಳುವುದನ್ನು ನೋಡಿರುತ್ತೀರಿ.

ಕಾಗೆ ಮೇಲೆ ಆಮೇಲೆ ತಪ್ಪು ಹೊರಿಸೋಣ. ಮೊದಲು ಇನ್ನೊಮ್ಮೆ ಹೋಗಿ ಮೂರು ಸಂಗತಿ ನೋಡಿ. ಗೂಡಿನ ಅಂಚು ತುಳಿದು ಚಪ್ಪಟೆ ಆಗಿದೆಯಾ? ಅಂಚಿನಲ್ಲಿ ಹಿಕ್ಕೆ ಇದೆಯಾ? ತಳದಲ್ಲಿ ತಲೆಹೊಟ್ಟಿನಂಥ ಬಿಳಿ ಪುಡಿ ಇದೆಯಾ? ಆ ಪುಡಿ ಹೊಸ ಗರಿ ಬಿರಿಯುವಾಗ ಉದುರುವ ಕವಚ. ಇವೆಲ್ಲ ಇದ್ದರೆ ಮರಿಗಳು ಬಲಿತು ಎದ್ದು ಹೋಗಿರುವ ಸಾಧ್ಯತೆ ಜಾಸ್ತಿ. ಕಾಗೆಯೋ ಮುಂಗುಸಿಯೋ ಬಂದಿದ್ದರೆ ಒಳಗಿನ ಹುಲ್ಲನ್ನು ಸಾಮಾನ್ಯವಾಗಿ ಕಿತ್ತಾಡಿರುತ್ತವೆ. ಹಾವು ಮಾತ್ರ ಗೂಡನ್ನು ಅಲುಗಿಸದೆ ತಿಂದು ಹೋಗುತ್ತದೆ, ಅದೊಂದು ತಲೆನೋವು.

ಕಬ್ಬಿನಗದ್ದೆ (ಮದ್ದೂರು) | ಮೇ 14, ಬೆಳಿಗ್ಗೆ 9:40

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸ್ವಾಮಿ. ಬೆಕ್ಕು ತಿಂದಿರುತ್ತದೆ. ನಮ್ಮ ಕಡೆ ಕಬ್ಬಿನ ಸಾಲಲ್ಲಿ ಉಲಿಯಕ್ಕಿ ಗೂಡು ವರ್ಷಕ್ಕೆ ಹತ್ತು ಕಾಣುತ್ತೇವೆ. ಒಂದರಲ್ಲೂ ಮರಿ ದೊಡ್ಡದಾಗಿದ್ದು ನಾನು ನೋಡಿಲ್ಲ.

ಬಾರೆಹೊಲ | ಮೇ 14, ಮಧ್ಯಾಹ್ನ 12:15

ಹೋಗಿ ನೋಡಿ ಬಂದೆ. ಅಂಚು ಒಂದು ಕಡೆ ಪೂರ್ತಿ ತುಳಿದು ಚಪ್ಪಟೆ ಆಗಿದೆ. ಬದುವಿನ ಕಡೆಯ ಅಂಚು. ತಳದಲ್ಲಿ ಬಿಳಿ ಪುಡಿ ಇದೆ. ಬೆರಳಿಗೆ ಹತ್ತಿಸಿಕೊಂಡು ನೋಡಿದೆ, ರಾಗಿ ಹೊಟ್ಟಿಗಿಂತ ಹಗುರ.

ಆದರೆ ಒಂದು ಪ್ರಶ್ನೆ. ಆ ಮರಿಗಳಿಗೆ ಹಾರಲು ಬರುತ್ತಿರಲಿಲ್ಲ. ರೆಕ್ಕೆ ನನ್ನ ಹೆಬ್ಬೆರಳ ಉಗುರಿಗಿಂತ ಒಂಚೂರು ದೊಡ್ಡದು ಅಷ್ಟೇ. ಬಾಲ ಇಲ್ಲವೇ ಇಲ್ಲ. ಹಾರದ ಮರಿ ಹೇಗೆ ಹೋಗುತ್ತದೆ?

ಓದುಗೂಡು (ಮಾನಸಗಂಗೋತ್ರಿ) | ಮೇ 14, ಮಧ್ಯಾಹ್ನ 2:30

ನಡೆದುಕೊಂಡು ಹೋಗುತ್ತದೆ!

ನಾವೆಲ್ಲ ‘ಮರಿ ಹಾರಿಹೋಯ್ತು’ ಅನ್ನುತ್ತೇವೆ. ನೆಲದ ಹಕ್ಕಿಗೆ ಆ ಮಾತು ಹೊಂದುವುದಿಲ್ಲ. ಗೂಡು ಬಿಡುವುದೇ ಬೇರೆ, ಹಾರುವುದೇ ಬೇರೆ. ಇವುಗಳಿಗೆ ಮೊದಲು ಬಲಿಯುವುದು ಕಾಲು, ರೆಕ್ಕೆ ಆಮೇಲೆ. ಯುರೋಪಿನ ಬಾನಾಡಿ (ಸ್ಕೈಲಾರ್ಕ್) ಹಕ್ಕಿಯನ್ನು ಬಹಳ ಜನ ಅಭ್ಯಾಸ ಮಾಡಿದ್ದಾರೆ. ಅದರ ಮರಿ ಮೊಟ್ಟೆಯೊಡೆದ 8ನೇ ದಿನದ ಆಸುಪಾಸಿಗೆ ಗೂಡು ಬಿಡುತ್ತದೆ. ಸರಿಯಾಗಿ ಹಾರಲು ಶುರು ಮಾಡುವುದು 16ರಿಂದ 20ನೇ ದಿನಕ್ಕೆ. ನಡುವೆ ಒಂದು ವಾರಕ್ಕೂ ಜಾಸ್ತಿ ದಿನ ಅದು ಬರೀ ಕಾಲಿನ ಮೇಲೆ ಬದುಕಬೇಕು. ನಿಮ್ಮ ನೆಲಗುಬ್ಬಿಯೂ ಅದೇ ವಂಶದ್ದು.

ಅಷ್ಟು ಅವಸರ ಯಾಕೆ ಅಂದರೆ, ಗೂಡೇ ಅಪಾಯದ ಜಾಗ. ದಿನಾ ಅದೇ ಗುಂಡಿ, ಅದೇ ವಾಸನೆ, ಹಸಿವಿನ ಅದೇ ಚಿಂವ್ ಚಿಂವ್. ತಂದೆ ತಾಯಿ ಗಳಿಗೆಗೊಮ್ಮೆ ಬಂದು ಹೋಗುತ್ತವೆ. ಕೇರೆ ಹಾವಿಗೆ ಒಂದು ಸಲ ಗೊತ್ತಾದರೆ ಎರಡೂ ಮರಿ ಒಂದೇ ತುತ್ತು. ಹೊರಗೆ ಬಂದು ಚದುರಿದರೆ ಒಂದು ಸಿಗಬಹುದು, ಇನ್ನೊಂದು ಉಳಿಯಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗೂಡಿಗೆ ಶತ್ರುಗಳ ಕಾಟ ಜಾಸ್ತಿ ಇರುವ ಜಾತಿಗಳ ಮರಿಗಳು ಮೋಟು ರೆಕ್ಕೆಯಲ್ಲೇ ಬೇಗ ಹೊರಡುತ್ತವೆ, ಹೊರಗೆ ಹೋದಮೇಲೆ ಜಾಸ್ತಿ ಸಾಯುತ್ತವೆ ಅಂತ ಅಮೆರಿಕದಲ್ಲಿ ಹಲವು ಹಾಡುಹಕ್ಕಿಗಳನ್ನು ಹೋಲಿಸಿ ನೋಡಿದವರು ತೋರಿಸಿದ್ದಾರೆ. ಅಂದರೆ ಒಳಗೂ ಸಾವು, ಹೊರಗೂ ಸಾವು. ಯಾವುದು ಒಂಚೂರು ಕಡಿಮೆ ಅನ್ನುವುದಷ್ಟೇ ಲೆಕ್ಕ.

ಆಂಟೆನಾ | ಮೇ 14, ಸಂಜೆ 6:50

ಮೇಲಿನ ಮಾತಿಗೆ ನನ್ನದೊಂದು ಸೇರಿಕೆ. ಹಿಂದೆಲ್ಲ ಗೂಡು ಖಾಲಿಯಾಗಿ ಮರಿ ಹೊರಬಿತ್ತು ಅಂದರೆ ‘ಯಶಸ್ವಿ’ ಅಂತ ಬರೆದು ನೋಟ್‌ಬುಕ್ ಮುಚ್ಚುತ್ತಿದ್ದರು. ಆಮೇಲೆ ಆ ಮರಿ ಎಲ್ಲಿ ಹೋಯಿತು ಅಂತ ನೋಡಲು ಉಪಾಯವೇ ಇರಲಿಲ್ಲ. ಒಂದನೇ ವರ್ಷದಲ್ಲಿ ಮರಿ ಬದುಕುವ ಪ್ರಮಾಣ ದೊಡ್ಡ ಹಕ್ಕಿಯದರ ಅರ್ಧ ಅಂತ ಅಂದಾಜು ಹಾಕಿ ಲೆಕ್ಕ ಕಟ್ಟುತ್ತಿದ್ದರು.

ಸಣ್ಣ ರೇಡಿಯೋ ಟ್ರಾನ್ಸ್‌ಮಿಟರ್ ಬಂದಮೇಲೆ ಕಥೆ ಬದಲಾಯಿತು. ಮರಿಯ ಬೆನ್ನಿಗೆ ಶಾಲೆ ಬ್ಯಾಗಿನ ಹಾಗೆ ಕಟ್ಟುತ್ತಾರೆ. ಪಟ್ಟಿ ಮಾತ್ರ ಹೆಗಲಿಗಲ್ಲ, ತೊಡೆಗೆ. ತೂಕ ಹಕ್ಕಿಯ ತೂಕದ ನೂರಕ್ಕೆ 3ರಿಂದ 5ರೊಳಗೆ ಇರಬೇಕು ಅನ್ನುವುದು ವಾಡಿಕೆ. ನೆಲಗುಬ್ಬಿ 16 ಗ್ರಾಂ ಎಂದುಕೊಂಡರೆ ಹೆಚ್ಚೆಂದರೆ 0.8 ಗ್ರಾಂ. ಒಂದು ಗ್ರಾಂ ಚಿನ್ನ ಕೈಯಲ್ಲಿ ಹಿಡಿದವರಿಗೆ ಅದೆಷ್ಟು ಸಣ್ಣದು ಅಂತ ಗೊತ್ತು.

ಅಮೆರಿಕದ ಮಿಸೌರಿಯ ಹುಲ್ಲುಗಾವಲುಗಳಲ್ಲಿ ಡಿಕ್‌ಸಿಸಲ್ ಮತ್ತು ಈಸ್ಟರ್ನ್ ಮೆಡೋಲಾರ್ಕ್ ಅನ್ನುವ ಎರಡು ಹಕ್ಕಿಗಳ ಮರಿಗಳಿಗೆ ಹೀಗೆ ಕಟ್ಟಿ ಹಿಂಬಾಲಿಸಿದರು. ನೆಲಗುಬ್ಬಿ ವಂಶಕ್ಕೆ ಇಂಗ್ಲಿಷಿನಲ್ಲಿ ಲಾರ್ಕ್ ಅನ್ನುತ್ತಾರೆ; ಹೆಸರಲ್ಲಿ ಲಾರ್ಕ್ ಇದ್ದರೂ ಮೆಡೋಲಾರ್ಕ್ ನೆಲಗುಬ್ಬಿ ಅಲ್ಲ, ಬೇರೆ ಕುಲ. ಅಲ್ಲಿ ಸಾವಿನ ಹೆಚ್ಚಿನ ಪಾಲು ಗೂಡು ಬಿಟ್ಟ ಮೊದಲ ವಾರದಲ್ಲೇ ಆಗಿತ್ತು. ಆ ವಾರ ದಾಟಿದ ಮರಿಗೆ ದಿನದಿಂದ ದಿನಕ್ಕೆ ಆಯುಸ್ಸು ಗಟ್ಟಿ. ಬೇರೆ ಕಡೆ ನೋಡಿದವರಿಗೂ ಹೆಚ್ಚುಕಡಿಮೆ ಇದೇ ಕಂಡಿದೆ.

ನಾನು ಹಕ್ಕಿಗೆ ಕಟ್ಟಿದವನಲ್ಲ. ಬೇರೆ ಪ್ರಾಣಿಯ ಕೆಲಸದಲ್ಲಿ ಆಂಟೆನಾ ಹಿಡಿದು ಬಿಸಿಲಲ್ಲಿ ನಡೆದಿದ್ದೇನೆ. ಸಿಗ್ನಲ್ ಜೋರಾಗುತ್ತಾ ಹೋದ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಮರಿಹಕ್ಕಿಗಳ ಕೆಲಸದವರು ಹೇಳುವ ಮಾಮೂಲಿ ಅನುಭವ ಒಂದಿದೆ. ಸಿಗ್ನಲ್ ಬರುತ್ತಿದೆ, ಮರಿ ಕಾಣುತ್ತಿಲ್ಲ. ಹುಡುಕಿದರೆ ಪೊದೆ ಬುಡದಲ್ಲಿ ಹಾವು ಸುತ್ತಿಕೊಂಡು ಮಲಗಿದೆ. ಸಿಗ್ನಲ್ ಅದರ ಹೊಟ್ಟೆಯೊಳಗಿಂದ.

ಕಬ್ಬಿನಗದ್ದೆ | ಮೇ 14, ರಾತ್ರಿ 8:10

ಅಯ್ಯೋ, ಊಟದ ಹೊತ್ತಿಗೆ ಇದನ್ನು ಓದಿದೆನಲ್ಲ.

ಬಾರೆಹೊಲ | ಮೇ 14, ರಾತ್ರಿ 9:00

ಹಾಗಾದರೆ ಇವು ಈಗ ಮೊದಲ ವಾರದಲ್ಲಿವೆ. ನಾಳೆ ಹುಡುಕಿ ಮನೆಗೆ ತಂದು ಒಂದು ವಾರ ಸಾಕಿ ಬಿಡಲಾ? ರಟ್ಟಿನ ಡಬ್ಬಿ ಇದೆ.

ಸೈಟುನಂಬರ್ (ಮೈಸೂರು ರಿಂಗ್ ರಸ್ತೆ) | ಮೇ 14, ರಾತ್ರಿ 9:20

ದಯವಿಟ್ಟು ಬೇಡ. ನನ್ನದನ್ನು ಕೇಳಿ.

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಮರಿಯೊಂದು ಕೂತಿತ್ತು. ಗದ್ದೆ ಪಿಪಿಟ್ ಅನ್ನುವ ನೆಲದ ಹಕ್ಕಿಯದು ಅಂತ ಆಮೇಲೆ ತಿಳಿಯಿತು. ಹತ್ತಿರ ಹೋದರೂ ಕದಲಲಿಲ್ಲ. ‘ಪಾಪ, ಬಿದ್ದಿದೆ’ ಅಂದುಕೊಂಡೆ. ಅದು ಬಿದ್ದಿರಲಿಲ್ಲ, ಅಡಗಿ ಕೂತಿತ್ತು. ಕದಲದೆ ಇರುವುದೇ ಅದಕ್ಕೆ ಗೊತ್ತಿದ್ದ ರಕ್ಷಣೆ. ಮೇಲೆ ಎರಡು ದೊಡ್ಡ ಹಕ್ಕಿ ಚಿಪ್ ಚಿಪ್ ಅಂತ ಒದ್ದಾಡುತ್ತಾ ಹಾರುತ್ತಿದ್ದವು. ಅವು ತಂದೆ ತಾಯಿ ಅಂತಲೂ ನನಗೆ ಹೊಳೆಯಲಿಲ್ಲ. ಮನೆಗೆ ತಂದು ಹಾಲಲ್ಲಿ ನೆನೆಸಿದ ಅನ್ನ ಕೊಟ್ಟೆ. ಮಗಳು ಅದಕ್ಕೆ ಹೆಸರೂ ಇಟ್ಟಳು. ಮಾರನೇ ದಿನ ಬೆಳಿಗ್ಗೆ ರಟ್ಟಿನ ಡಬ್ಬಿಯಲ್ಲಿ ಕಾಲು ಚಾಚಿಕೊಂಡು ಮಲಗಿತ್ತು. ಹುಳ ತಿನ್ನುವ ಮರಿಗೆ ನಾನು ಹಾಲನ್ನ ಕೊಟ್ಟಿದ್ದೆ. ಮಗಳು ಈಗಲೂ ಕೇಳುತ್ತಾಳೆ.

ಓದುಗೂಡು | ಮೇ 14, ರಾತ್ರಿ 9:45

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಯನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಗುರುತಿಗೆ ಹಕ್ಕಿಯ ಕಾಲಿಗೆ ಉಂಗುರ ಹಾಕುವವರಿಗೂ, ಟ್ರಾನ್ಸ್‌ಮಿಟರ್ ಕಟ್ಟುವವರಿಗೂ ಅನುಮತಿ ಬೇಕು.

ಅದಕ್ಕಿಂತ ಮುಖ್ಯವಾಗಿ, ತಂದೆ ತಾಯಿ ಇನ್ನೂ ಕೆಲಸ ಬಿಟ್ಟಿಲ್ಲ. ಗೂಡು ಬಿಟ್ಟಮೇಲೂ ಎರಡು ಮೂರು ವಾರ ಉಣಿಸುತ್ತವೆ. ಮರಿಗಳನ್ನು ಪಾಲು ಮಾಡಿಕೊಳ್ಳುವುದು ಹಲವು ಹಾಡುಹಕ್ಕಿಗಳ ಪದ್ಧತಿ. ಒಂದಿಷ್ಟು ತಂದೆಗೆ, ಒಂದಿಷ್ಟು ತಾಯಿಗೆ. ನಮ್ಮ ಅಣ್ಣ ತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವುದಕ್ಕಿಂತ ಸಲೀಸಾಗಿ.

ಮರಿ ನೋಡಲೇಬೇಕು ಅಂದರೆ ಮರಿಯನ್ನು ಹುಡುಕಬೇಡಿ. 40, 50 ಹೆಜ್ಜೆ ದೂರದಲ್ಲಿ ಕೂತು ಹುಳ ಕಚ್ಚಿದ ದೊಡ್ಡ ಹಕ್ಕಿಯನ್ನು ನೋಡಿ. ಬಾಯಿಯಲ್ಲಿ ಹುಳ ಇಟ್ಟುಕೊಂಡು ನುಂಗದೆ ತಿರುಗಾಡುತ್ತಿದ್ದರೆ ಎಲ್ಲೋ ಮರಿ ಕಾಯುತ್ತಿದೆ ಅಂತ ಅರ್ಥ. ಆ ಕೆಂಪು ಬಟ್ಟೆಯ ಕಡ್ಡಿಗಳನ್ನು ಇವತ್ತೇ ಕಿತ್ತುಬಿಡಿ. ಬಟಾಬಯಲಲ್ಲಿ ಕಡ್ಡಿ ಅಂದರೆ ಕಾಗೆಗೂ ಕಳಿಂಗ ಹಕ್ಕಿಗೂ ಕೂರಲು ಕುರ್ಚಿ ಹಾಕಿಕೊಟ್ಟ ಹಾಗೆ. ಗುರುತು ಬೇಕಿದ್ದರೆ ದೂರದಲ್ಲಿ ಒಂದು ಕಲ್ಲಿಟ್ಟು ಹೆಜ್ಜೆ ಎಣಿಸಿಕೊಳ್ಳಬೇಕು.

ಬಾರೆಹೊಲ | ಮೇ 16, ಬೆಳಿಗ್ಗೆ 10:30

ಕಂಡಿತು!

ಕಡ್ಡಿ ಆವತ್ತೇ ಕಿತ್ತೆ. ನಿನ್ನೆ ಸಂಜೆ ಕಾಣಲಿಲ್ಲ. ಇವತ್ತು ಬೆಳಗಿನ ಜಾವ ಬೇವಿನ ಮರದ ಬುಡದಲ್ಲಿ ಕಂಬಳಿ ಹಾಸಿ ಕೂತೆ. ಏಳು ಗಂಟೆ ಸುಮಾರಿಗೆ ಗಂಡು ಹಕ್ಕಿ ಹಸಿರು ಮಿಡತೆ ಕಚ್ಚಿಕೊಂಡು ಬಂತು. ನೇರ ಮರಿ ಹತ್ತಿರ ಇಳಿಯಲಿಲ್ಲ, ಕಳ್ಳ! ಎಷ್ಟೋ ದೂರ ಇಳಿದು, ಹೆಂಟೆಗಳ ಸಂದಿಯಲ್ಲಿ ನಡೆದುಕೊಂಡು ಹೋಯಿತು. ಗುಬ್ಬಚ್ಚಿ ಕುಪ್ಪಳಿಸುತ್ತದಲ್ಲ, ಇದು ಹಾಗಲ್ಲ. ಒಂದು ಕಾಲಾದ ಮೇಲೆ ಒಂದು ಕಾಲು, ನಮ್ಮ ಹಾಗೆ. ಮಧ್ಯೆ ನಿಂತು ಆ ಕಡೆ ಈ ಕಡೆ ನೋಡಿತು. ಬದುವಿನ ತುಂಬೆ ಗಿಡದ ಬುಡದಲ್ಲಿ ಒಂದು ಹೆಂಟೆ ಬಾಯಿ ತೆರೆಯಿತು. ಹೆಂಟೆ ಅಂದುಕೊಂಡಿದ್ದೇ ಮರಿ! ಬೆನ್ನ ಮೇಲಿನ ಗರಿಗೆಲ್ಲ ತೆಳು ಬಿಳಿ ಅಂಚು. ಒಣಗಿದ ಮಣ್ಣು ಬಿರುಕು ಬಿಟ್ಟ ಹಾಗೇ ಕಾಣುತ್ತದೆ. ಮಿಡತೆಯ ಕಾಲು ಬಾಯಿಂದ ಆಚೆ ನೇತಾಡುತ್ತಿತ್ತು. ಮೂರು ಸಲ ಗುಟುಕರಿಸಿ ನುಂಗಿತು.

ಹೊತ್ತೇರಿದ ಮೇಲೆ ಅದು ತುಂಬೆ ನೆರಳು ಸರಿದ ಹಾಗೆಲ್ಲ ತಾನೂ ಒಂಚೂರು ಸರಿಯುತ್ತಿತ್ತು. ಗೂಡಿನಿಂದ ಎಣಿಸಿದೆ, 31 ಹೆಜ್ಜೆ. ಇನ್ನೊಂದು ಮರಿ ಕಾಣಲಿಲ್ಲ. ಹೆಣ್ಣು ಹಕ್ಕಿಯೂ ಈ ಕಡೆ ಬರಲಿಲ್ಲ.

ಕೆರೆಏರಿ | ಮೇ 16, ಬೆಳಿಗ್ಗೆ 11:00

31 ಹೆಜ್ಜೆ ಸರಿಯಾಗೇ ಇದೆ. ಮೊದಲ ದಿನಗಳಲ್ಲಿ ಗೂಡಿನಿಂದ ಕೆಲವು ಹತ್ತು ಮೀಟರಿನೊಳಗೇ ಇರುತ್ತವೆ. ರೆಕ್ಕೆ ಬಂದ ಹಾಗೆ ನೂರಾರು ಮೀಟರ್ ಆಗುತ್ತದೆ. ತಂದೆ ತಾಯಿಯನ್ನು ಬಿಟ್ಟಮೇಲೆ ಊರು ದಾಟುತ್ತವೆ. ಹೆಣ್ಣು ಕಾಣದಿದ್ದರೆ ಇನ್ನೊಂದು ಮರಿಯನ್ನು ಕರೆದುಕೊಂಡು ಬೇರೆ ಕಡೆ ಹೋಗಿರಬಹುದು. ಪಾಲು ಆಯಿತು ಅಂತ ಕಾಣುತ್ತದೆ.

ಕಬ್ಬಿನಗದ್ದೆ | ಮೇ 16, ಮಧ್ಯಾಹ್ನ 1:20

ಸರಿ, ನಾನು ಸೋತೆ. ಆದರೆ ಒಂದು ಮಾತು. ಹಕ್ಕಿ ನೋಡುವ ನೀವೆಲ್ಲ ಯಾವಾಗಲೂ ಬದು ಉಳಿಸಿ, ಹುಲ್ಲು ಉಳಿಸಿ ಅಂತೀರಿ. ಬದುವಿನಲ್ಲಿ ಹುಲ್ಲು ಬಿಟ್ಟರೆ ಇಲಿ, ಇಲಿ ಬಂದರೆ ಹಾವು. ಕೂಲಿ ಆಳು ಸಿಗುವುದಿಲ್ಲ, ಅದಕ್ಕೆ ಕಳೆನಾಶಕ ಹೊಡೆಯುತ್ತೇವೆ. ಕಬ್ಬು ಕಡಿದಮೇಲೆ ತರಗಿಗೆ ಬೆಂಕಿ ಇಡದಿದ್ದರೆ ಕೂಳೆ ಬೆಳೆ ಮಾಡುವುದು ಕಷ್ಟ. ಹಕ್ಕಿಗೋಸ್ಕರ ಬೇಸಾಯ ಬಿಡೋಕಾಗುತ್ತಾ?

ಬಾರೆಹೊಲ | ಮೇ 16, ರಾತ್ರಿ 8:40

ಬಿಡೋಕಾಗಲ್ಲ. ನಾನೂ ಬಿಟ್ಟಿಲ್ಲ, ಎಳ್ಳು ಚೆಲ್ಲಿಯೇ ಚೆಲ್ಲುತ್ತೇನೆ. ಆದರೆ ಇವತ್ತು ಒಂದು ಲೆಕ್ಕ ಹೊಳೆಯಿತು. ಆ ಮರಿ ಬದುವಿಗೇ ಹೋಗಿದ್ದು ಯಾಕೆ? ಉತ್ತ ಕಡೆ ನೆರಳಿಲ್ಲ, ಮಿಡತೆ ಇಲ್ಲ. ಇಡೀ ಹೊಲದಲ್ಲಿ ಅದಕ್ಕೆ ಮನೆ ಅಂತ ಉಳಿದಿದ್ದು ಎರಡು ಮೊಳ ಅಗಲದ ಬದು. ಹೋದ ವರ್ಷ ನಾನೂ ಅಲ್ಲಿಗೆ ಔಷಧಿ ಹೊಡೆದಿದ್ದೆ. ಹಸುವಿಗೆ ಹುಲ್ಲಿಲ್ಲದೆ ಮೂರು ತಿಂಗಳು ಮೇವು ಕೊಂಡಿದ್ದೂ ನಾನೇ.

ಆಂಟೆನಾ | ಮೇ 16, ರಾತ್ರಿ 9:15

ಮದ್ದೂರಿನವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಬೆಂಕಿ ಇಡುವುದಾದರೆ ಒಂದೇ ದಿನ ನಾಲ್ಕೂ ಕಡೆಯಿಂದ ಇಡಬೇಡಿ, ಒಂದು ಕಡೆ ದಾರಿ ಬಿಡಿ. ಉಳುವುದಕ್ಕೂ ಇದೇ ಮಾತು. ಟ್ರ್ಯಾಕ್ಟರ್ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದರೆ ಹಾರದ ಮರಿಗಳೆಲ್ಲ ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ. ಕೊನೇ ಸುತ್ತಿನಲ್ಲಿ ಕಥೆ ಮುಗಿಯಿತು. ನಡುವಿನಿಂದ ಶುರುಮಾಡಿ ಹೊರಗೆ ಬಂದರೆ ಮರಿಗಳು ಬದುವಿನ ಕಡೆ ಓಡುತ್ತವೆ. ಬ್ರಿಟನ್, ಐರ್ಲೆಂಡಿನಲ್ಲಿ ಕಾರ್ನ್‌ಕ್ರೇಕ್ ಅನ್ನುವ ನೆಲದ ಹಕ್ಕಿಗಾಗಿ ಹುಲ್ಲು ಕೊಯ್ಯುವ ರೈತರು ಹೀಗೇ ಮಾಡುತ್ತಾರೆ. ಹೆಚ್ಚಿಗೆ ಖರ್ಚಿಲ್ಲ. ಡ್ರೈವರ್ ತಲೆ ಮಾತ್ರ ತಿರುಗಿಸಬೇಕು.

ಸೈಟುನಂಬರ್ | ಮೇ 17, ಬೆಳಿಗ್ಗೆ 7:30

ನಿಮಗೆ ಬದುವಾದರೂ ಇದೆ. ಇಲ್ಲಿ ರಿಂಗ್ ರಸ್ತೆ ಆಚೆ ಹಳೇ ಗೋಮಾಳ ಎಲ್ಲ ಸೈಟು. ಕಲ್ಲು ನೆಟ್ಟು, ಮಾರಾಟವಾಗದೆ ಬಿದ್ದಿರುವ ಸೈಟಿನಲ್ಲೇ ಹುಲ್ಲು ಬೆಳೆದು ಪಿಪಿಟ್, ರಾಟವಾಳ ಸಂಸಾರ ಹೂಡುತ್ತವೆ. ಗೂಡಿನ ಮಟ್ಟಿಗೆ ಜಾಗ ಚೆನ್ನಾಗೇ ಇದೆ. ಮರಿ ಇಳಿದಮೇಲೆ ಶುರು ಗೋಳು. ಈ ಕಡೆ ರಸ್ತೆ, ಆ ಕಡೆ ಕಾಂಪೌಂಡು, ರಾತ್ರಿ ಹದಿನೈದು ನಾಯಿ. ಹಾರಲು ಬಾರದ ಮರಿ 30 ಹೆಜ್ಜೆ ಯಾವ ಕಡೆ ಇಡಬೇಕು ಹೇಳಿ?

ಕೆರೆಏರಿ | ಮೇ 17, ಬೆಳಿಗ್ಗೆ 8:00

ಅದಕ್ಕೇ ಬಯಲು ಹಕ್ಕಿಗಳು ಕಡಿಮೆಯಾಗುತ್ತಿರುವುದು. 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿಯೂ ಹುಲ್ಲುಗಾವಲು, ಬಯಲು ನಂಬಿದ ಹಕ್ಕಿಗಳೇ ಜಾಸ್ತಿ ಇಳಿದಿವೆ ಅಂದಿತು. ಸಲೀಂ ಅಲಿ ಮೈಸೂರು ಸೀಮೆಯ ಹಕ್ಕಿ ಸಮೀಕ್ಷೆ ಮಾಡಿದ್ದು 1939-40ರಲ್ಲಿ. ಅದೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕೊಕ್ಕರೆ, ಹೆಜ್ಜಾರ್ಲೆಗೆ ಜನ ಟಿಕೆಟ್ ಕೊಟ್ಟು ದೋಣಿಯಲ್ಲಿ ಹೋಗುತ್ತಾರೆ. ಮಣ್ಣು ಬಣ್ಣದ ಗುಬ್ಬಿಗೆ ಯಾರು ದೋಣಿ ಹತ್ತುತ್ತಾರೆ?

ಬಾರೆಹೊಲ | ಮೇ 19, ಸಂಜೆ 7:00

ನಿನ್ನೆ ಕೃತ್ತಿಕಾ ಮಳೆ ಜೋರಾಗಿ ಬಿತ್ತು. ಒಂದು ಗಂಟೆ ಕಾಲ ಹೊಲದಲ್ಲೆಲ್ಲ ನೀರು ಹರಿಯಿತು. ಗೂಡು ಇದ್ದ ಗೊರಸಿನ ಗುಂಡಿ ತುಂಬಿ ಕೆಸರು. ಮರಿ ಇನ್ನೂ ಅಲ್ಲೇ ಇದ್ದಿದ್ದರೆ ಮುಳುಗಿ ಸಾಯುತ್ತಿತ್ತು. ಮಳೆ ಬಿಟ್ಟಮೇಲೆ ಹೋದೆ, ಏನೂ ಕಾಣಲಿಲ್ಲ. ಬೆಳಿಗ್ಗೆಯೂ ಇಲ್ಲ. ಮಧ್ಯಾಹ್ನ ಬದುವಿನ ಪಕ್ಕದ ಹಸಿ ಮಣ್ಣಿನಲ್ಲಿ ಹೆಜ್ಜೆ ಗುರುತು ಸಿಕ್ಕಿತು. ಹಿಂದಿನ ಉಗುರು ಉದ್ದ, ಒಂದರ ಮುಂದೊಂದು ಪುಟ್ಟ ಪುಟ್ಟ ಹೆಜ್ಜೆ. ತುಂಬೆ ಬುಡದಿಂದ ತಂಗಡಿ ಗಿಡದ ತನಕ ಹೋಗಿದೆ. ಪಕ್ಕದಲ್ಲಿ ಅದಕ್ಕಿಂತ ಒಂಚೂರು ದೊಡ್ಡ ಹೆಜ್ಜೆ ಇನ್ನೊಂದು ಸಾಲು.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ‘ಅಪ್ಪ ಮಗ ಜಾತ್ರೆಗೆ ಹೋದಂಗದೆ’ ಅಂದರು.

ಓದುಗೂಡು | ಮೇ 19, ರಾತ್ರಿ 8:15

ಫೋಟೋ ತೆಗೆದಿದ್ದರೆ ಒಂದು ನಾಣ್ಯ ಪಕ್ಕಕ್ಕಿಟ್ಟು ತೆಗೆಯಬೇಕಿತ್ತು. ಇರಲಿ. ಮಳೆಯಲ್ಲಿ ನೆನೆದು ತಣ್ಣಗಾಗುವುದೂ ಮರಿಗಳ ಸಾವಿಗೆ ಒಂದು ಕಾರಣ. ನಿಮ್ಮದು ಅದನ್ನು ದಾಟಿದೆ ಅಂದರೆ ಸಣ್ಣ ಮಾತಲ್ಲ.

ಬಾರೆಹೊಲ | ಮೇ 23, ಬೆಳಿಗ್ಗೆ 9:10

ಇವತ್ತು ಅದು ಹಾರಿತು. ಹಾರಿತು ಅಂದರೆ, ಹಸು ಹತ್ತಿರ ಬಂದಾಗ ಎದ್ದು, ಎರಡಾಳು ಉದ್ದ ನೆಲ ಉಜ್ಜಿದ ಹಾಗೆ ಹೋಗಿ, ಹೆಂಟೆಗೆ ತಗುಲಿ ಮುಗ್ಗರಿಸಿತು. ಮೋಟು ಬಾಲ ಬಂದಿದೆ. ತಂದೆ ಇನ್ನೂ ಹುಳ ಕೊಡುತ್ತಿದೆ. ಆದರೆ ಇದು ತಾನೇ ನೆಲ ಕುಕ್ಕುವುದನ್ನೂ ಕಲಿತಿದೆ, ಕಲ್ಲನ್ನೂ ಕುಕ್ಕುತ್ತದೆ.

ಇನ್ನೊಂದು ಮರಿಯನ್ನು ನಾನು ಈ ತನಕ ನೋಡಿಲ್ಲ. ಆದರೆ ಹೆಣ್ಣು ಹಕ್ಕಿಯನ್ನು ನಿನ್ನೆ, ಇವತ್ತು ಎರಡು ದಿನ ನೋಡಿದೆ. ಬಾಯಲ್ಲಿ ಹುಳ ಕಚ್ಚಿಕೊಂಡು ತಂಗಡಿ ಸಾಲು ದಾಟಿ ಆಚೆ ಇಳಿಯುತ್ತದೆ. ಖಾಲಿ ಬಾಯಲ್ಲಿ ವಾಪಸ್ ಬರುತ್ತದೆ.

ಆಚೆಯದು ಪಕ್ಕದವರ ಹೊಲ. ಬದು ಒತ್ತುವರಿ ವಿಷಯಕ್ಕೆ ಅವರಿಗೂ ನಮಗೂ ನಾಲ್ಕು ವರ್ಷದಿಂದ ಮಾತಿಲ್ಲ. ನಾಳೆ ಬೆಳಿಗ್ಗೆ ಅವರ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದಂತೆ, ಡ್ರೈವರ್ ಹುಡುಗನೇ ಹೇಳಿದ. ನಡುವಿನಿಂದ ಉಳು ಅಂತ ಅವನಿಗೆ ಹೇಳಬಹುದು, ಆದರೆ ಹೊಲ ಅವರದಲ್ಲವಾ?

ಸಂಜೆ ಅವರ ಮನೆಗೆ ಹೋಗುತ್ತೇನೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಒಗೆದ ಟವೆಲ್ ತಂದು ಹೆಗಲಿಗೆ ಹಾಕಿಕೊಂಡರು. ನಾನೂ ಬರುತ್ತೇನೆ ನಡಿ ಅಂದರು.